ನಿಮಗಿದು ಗೊತ್ತೇ? ‘ಸಾಕು’ ಅಂದರೆ 17, ‘ಯಾರ’ ಅಂದರೆ 21!

ನಮ್ಮ ಸಂವಿಧಾನದ ಕೊನೆಯ ವಿಧಿಯ ನಂಬರ್ ಎಷ್ಟು? 395. ಅದು 1950ರ ಜನವರಿ 26ರಂದು ಜಾರಿಗೆ ಬಂದಾಗಲೂ 395 ಆಗಿತ್ತು. ಆಮೇಲೆ ನೂರಕ್ಕೂ ಹೆಚ್ಚು ತಿದ್ದುಪಡಿಗಳಾದವು. ಹೊಸ ವಿಧಿಗಳು ರಾಶಿ ರಾಶಿ ಬಂದವು. ಆದರೂ ಕೊನೆಯ ನಂಬರ್ ಇವತ್ತಿಗೂ ಅದೇ 395!

ಅದು ಹೇಗೆ ಅಂತೀರಾ? ಹೊಲ ಪಾಲಾದಾಗ ಸರ್ವೆ ನಂಬರ್ ಬದಲಾಗುವುದಿಲ್ಲ, ಪಕ್ಕದಲ್ಲಿ ಹಿಸ್ಸಾ ನಂಬರ್ ಸೇರುತ್ತದೆ ಅಲ್ಲವೇ? ಇಲ್ಲೂ ಹಾಗೆಯೇ. 21ರ ಪಕ್ಕ 21ಎ, 51ರ ಪಕ್ಕ 51ಎ. 243ನೇ ವಿಧಿಯಂತೂ ದೊಡ್ಡ ಅವಿಭಕ್ತ ಕುಟುಂಬ. ಪಂಚಾಯತಿ, ಪುರಸಭೆ, ಸಹಕಾರ ಸಂಘ ಎಲ್ಲವೂ ಅದೊಂದೇ ನಂಬರಿನಲ್ಲಿವೆ. ಎಯಿಂದ ಝೆಡ್‌ವರೆಗಿನ ಅಕ್ಷರಗಳೂ ಸಾಲದೆ, ಝೆಡ್‌ಎ, ಝೆಡ್‌ಬಿ ಎನ್ನುತ್ತಾ 243ಝೆಡ್‌ಟಿ ತನಕ ಹೋಗಿದೆ! ಹಾಗಾಗಿ ನೀವು ಒಮ್ಮೆ ಬಾಯಿಪಾಠ ಮಾಡಿದ ವಿಧಿ ಜಾಗ ಬದಲಿಸುವ ಭಯವಿಲ್ಲ.

ಪೀಠಿಕೆಯನ್ನು ಎದುರಿಗಿಟ್ಟುಕೊಂಡು ಬೆರಳು ಮಡಿಸಿ. ನ್ಯಾಯ ಮೂರು ಬಗೆ: ಸಾಮಾಜಿಕ, ಆರ್ಥಿಕ, ರಾಜಕೀಯ. ಸ್ವಾತಂತ್ರ್ಯ ಐದು: ವಿಚಾರ, ಅಭಿವ್ಯಕ್ತಿ, ನಂಬಿಕೆ, ಧರ್ಮಶ್ರದ್ಧೆ, ಉಪಾಸನೆ. ಸಮಾನತೆ ಎರಡು: ಸ್ಥಾನಮಾನ, ಅವಕಾಶ. ಮೂರು, ಐದು, ಎರಡು. ಸಾಲಾಗಿ ಬರೆದರೆ 352. ಈಗ 352ನೇ ವಿಧಿ ಯಾವುದು ನೋಡಿ. ರಾಷ್ಟ್ರೀಯ ತುರ್ತು ಪರಿಸ್ಥಿತಿ! ಕಾಕತಾಳೀಯವೇ ಸರಿ, ಆದರೆ ಇನ್ನು ಎರಡನ್ನೂ ಮರೆಯುವುದು ಸಾಧ್ಯವೇ?

ಛಂದಸ್ಸಿನ ಎಂಟು ಗಣಗಳನ್ನು ‘ಯಮಾತಾರಾಜಭಾನಸಲಗಂ’ ಎಂದು ಶಾಲೆಯಲ್ಲಿ ಒಂದೇ ಉಸಿರಿಗೆ ಹೇಳಿದ್ದು ನೆನಪಿದೆಯೇ? ಅದರಷ್ಟೇ ಸೊಗಸಾದ ಇನ್ನೊಂದು ಕೀಲಿಕೈ ನಮ್ಮಲ್ಲಿದೆ. ಅದರ ಹೆಸರು ಕಟಪಯಾದಿ. ಅಕ್ಷರವನ್ನೇ ಅಂಕಿ ಮಾಡುವ ವಿದ್ಯೆ!

ಕ, ಟ, ಪ, ಯ, ಈ ನಾಲ್ಕಕ್ಕೂ ಬೆಲೆ 1. ಅಲ್ಲಿಂದ ವರ್ಣಮಾಲೆಯಲ್ಲಿ ಮುಂದೆ ಹೋದಂತೆ ಒಂದೊಂದೇ ಏರುತ್ತದೆ. ಕ 1, ಖ 2, ಗ 3. ಪ 1, ಫ 2, ಬ 3, ಭ 4. ಞ ಮತ್ತು ನ ಸೊನ್ನೆ. ವ್ಯಂಜನಕ್ಕೆ ಸೇರಿದ ಸ್ವರಗಳು ಲೆಕ್ಕಕ್ಕಿಲ್ಲ. ಕೊನೆಗೆ ಬಂದ ಅಂಕಿಗಳನ್ನು ತಿರುಗಿಸಿ ಓದಬೇಕು, ಅಷ್ಟೇ. ಸಂಗೀತ ಕಲಿತವರಿಗೆ ಇದು ಹಳೇ ಪರಿಚಯ. ಮಾಯಾಮಾಳವಗೌಳ ಎಷ್ಟನೇ ಮೇಳಕರ್ತ? ಮ 5, ಯ 1. ತಿರುಗಿಸಿದರೆ 15. ಹೌದು, ಹದಿನೈದನೆಯದೇ! ಎಪ್ಪತ್ತೆರಡು ಮೇಳಕರ್ತಗಳ ಹೆಸರಿನೊಳಗೇ ಅವುಗಳ ನಂಬರ್ ಅಡಗಿದೆ.

ಈ ಕೀಲಿಕೈಯನ್ನು ಸಂವಿಧಾನಕ್ಕೆ ಹಾಕಿ ತಿರುವೋಣ. ‘ಸಾಕು’ ತಗೊಳ್ಳಿ. ಯ, ರ, ಲ, ವ, ಶ, ಷ, ಸ ಎಂದು ಎಣಿಸಿದರೆ ಸ 7. ಕ 1. ತಿರುಗಿಸಿದರೆ 17. ಅಸ್ಪೃಶ್ಯತೆಯನ್ನು ತೊಡೆದುಹಾಕಿದ ವಿಧಿ ಯಾವುದು? ಹದಿನೇಳು! ಆ ವಿಧಿ ದೇಶಕ್ಕೆ ಹೇಳಿದ್ದೂ ಇದೇ ಒಂದು ಮಾತು. ಸಾಕು!

‘ಯಾರ’ ನೋಡಿ. ಯ 1, ರ 2. ತಿರುಗಿಸಿದರೆ 21. ಯಾರ ಜೀವವನ್ನೂ ಯಾರ ಸ್ವಾತಂತ್ರ್ಯವನ್ನೂ ಕಾನೂನಿನ ಕ್ರಮ ಬಿಟ್ಟು ಕಸಿಯುವಂತಿಲ್ಲ ಎನ್ನುವುದು 21ನೇ ವಿಧಿಯೇ!

‘ಭಾರ’? ಭ 4, ರ 2. ಅಂದರೆ 24. ಹದಿನಾಲ್ಕು ತುಂಬದ ಮಕ್ಕಳನ್ನು ಕಾರ್ಖಾನೆ, ಗಣಿ, ಅಪಾಯದ ಕೆಲಸಗಳಿಗೆ ಹಚ್ಚಬಾರದು ಎನ್ನುವ ವಿಧಿ ಅದು. ಆ ಎಳೆಯ ಹೆಗಲಿಗೆ ಭಾರ ಬೇಡ!

‘ನಾವು’ ಅಂದರೆ 40. ಊರಿನ ಆಡಳಿತವನ್ನು ಊರವರ ಕೈಗೇ ಕೊಡುವ ಗ್ರಾಮ ಪಂಚಾಯತಿಯ ವಿಧಿ! ‘ಪತಿ’ ಅಂದರೆ 61. ರಾಷ್ಟ್ರಪತಿಯನ್ನು ಪದಚ್ಯುತಗೊಳಿಸುವ ಮಹಾಭಿಯೋಗದ ವಿಧಿ! ಕೆಎಎಸ್, ಪಿಡಿಒ ಪರೀಕ್ಷೆಗೆ ಓದುವ ಮಕ್ಕಳೇ, ಈ ಐದು ಪದಗಳನ್ನು ಇವತ್ತೇ ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ಇನ್ನೊಂದು ಮಾಯದ ಸಂಖ್ಯೆ ಇದೆ. ಅದು 89. ಕೇಂದ್ರದ ಒಂದು ವಿಧಿಗೆ 89 ಕೂಡಿಸಿದರೆ ರಾಜ್ಯದಲ್ಲಿ ಅದರ ಜೋಡಿ ಸಿಗುತ್ತದೆ! ರಾಷ್ಟ್ರಪತಿಗೆ ಸಲಹೆ ಕೊಡುವ ಮಂತ್ರಿಮಂಡಲ 74ರಲ್ಲಿ, ರಾಜ್ಯಪಾಲರಿಗೆ ಸಲಹೆ ಕೊಡುವ ಮಂತ್ರಿಮಂಡಲ 163ರಲ್ಲಿ. ಅಟಾರ್ನಿ ಜನರಲ್ 76, ಅಡ್ವೊಕೇಟ್ ಜನರಲ್ 165. ರಾಷ್ಟ್ರಪತಿಯ ಕ್ಷಮಾದಾನ 72, ರಾಜ್ಯಪಾಲರ ಕ್ಷಮಾದಾನ 161. ಧನ ಮಸೂದೆ ಎಂದರೇನು ಎಂದು ಸಂಸತ್ತಿಗೆ ಹೇಳುವುದು 110, ವಿಧಾನಸಭೆಗೆ ಹೇಳುವುದು 199. ಕೂಡಿ ನೋಡಿ, ಒಂದೂ ತಪ್ಪುವುದಿಲ್ಲ!

ಮಜಾ ಇರುವುದು ಮುಂದೆ. ಮಸೂದೆಗೆ ರಾಷ್ಟ್ರಪತಿ ಅಂಕಿತ ಹಾಕುವುದು 111ರಲ್ಲಿ, ರಾಜ್ಯಪಾಲರು ಹಾಕುವುದು 200ರಲ್ಲಿ. ಇಲ್ಲೂ ಅಂತರ 89. ಮರುಕ್ಷಣ ಅದು 90 ಆಗಿಬಿಡುತ್ತದೆ! ಕೇಂದ್ರದ ಬಜೆಟ್ 112, ರಾಜ್ಯದ ಬಜೆಟ್ 202. ಸುಗ್ರೀವಾಜ್ಞೆ ಅಲ್ಲಿ 123, ಇಲ್ಲಿ 213. ಸುಪ್ರೀಂ ಕೋರ್ಟ್ 124, ಹೈಕೋರ್ಟ್ 214. ನಡುವೆ ನುಸುಳಿದ್ದು ಯಾರು? 201ನೇ ವಿಧಿ. ರಾಜ್ಯಪಾಲರು ಕೆಲವು ಮಸೂದೆಗಳನ್ನು ರಾಷ್ಟ್ರಪತಿಗೆಂದು ಕಾಯ್ದಿರಿಸಬಹುದು. ರಾಷ್ಟ್ರಪತಿ ಯಾರಿಗೆ ಕಳಿಸಬೇಕು? ಅವರ ಮೇಲೆ ಯಾರೂ ಇಲ್ಲ. ಹಾಗಾಗಿ ರಾಜ್ಯದ ಕಡೆ ಮಾತ್ರ ಒಂದು ವಿಧಿ ಹೆಚ್ಚು! ಈ ಸೂತ್ರ ಎಲ್ಲ ಕಡೆಯೂ ಕೂಡಿಬರುವುದಿಲ್ಲ ಅನ್ನುವುದೂ ನೆನಪಿರಲಿ. ಲೋಕಸಭೆಯ ಸ್ಪೀಕರ್ 93, ವಿಧಾನಸಭೆಯ ಸ್ಪೀಕರ್ 178.

ಸಂವಿಧಾನದ ಭಾಗಗಳನ್ನು ಎಣಿಸುತ್ತಾ ಹೋಗಿ. ಆರು ಆಯಿತು, ಮುಂದೆ ಎಂಟು! ಏಳು ಎಲ್ಲಿ? ಏಳನೇ ಭಾಗವನ್ನು ತೆಗೆದುಹಾಕಿದ್ದು ಏಳನೇ ತಿದ್ದುಪಡಿ! ಅದರಲ್ಲಿದ್ದದ್ದು ಒಂದೇ ವಿಧಿ, 238. ‘ಬಿ’ ವರ್ಗದ ರಾಜ್ಯಗಳಿಗೆಂದು ಇದ್ದದ್ದು. ಜಯಚಾಮರಾಜ ಒಡೆಯರ್ ರಾಜಪ್ರಮುಖರಾಗಿದ್ದ ನಮ್ಮ ಮೈಸೂರು ಅಂಥ ರಾಜ್ಯ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು, ಅದೇ ದಿನ ಏಳನೇ ಭಾಗ ಇಲ್ಲವಾಯಿತು. ರಾಜ್ಯೋತ್ಸವ ಬಂದಾಗಲೆಲ್ಲ ಈ ಖಾಲಿ ಜಾಗ ನೆನಪಾಗುತ್ತದೆ ನೋಡಿ!

ಅನುಸೂಚಿಗಳು ಹನ್ನೆರಡು. ಇಂಗ್ಲಿಷಿನಲ್ಲಿ ಓದುವವರು ‘ಟಿಯರ್ಸ್ ಆಫ್ ಓಲ್ಡ್ ಪಿಎಂ’ ಎನ್ನುತ್ತಾರೆ. ಹನ್ನೆರಡು ಅಕ್ಷರ, ಹನ್ನೆರಡು ಅನುಸೂಚಿ. ಚೆನ್ನಾಗಿದೆ. ಆದರೆ ಕನ್ನಡದಲ್ಲಿ ಇನ್ನೂ ಚೆಂದದ್ದು ಸಿಗುತ್ತದೆ! ಮೊದಲು ಇದ್ದದ್ದು ಎಂಟೇ ಅನುಸೂಚಿ. ಆಮೇಲೆ ಸೇರಿದ ನಾಲ್ಕು ಯಾವುವು? ಒಂಬತ್ತು ಭೂಸುಧಾರಣೆ, ಹತ್ತು ಪಕ್ಷಾಂತರ, ಹನ್ನೊಂದು ಪಂಚಾಯತಿ, ಹನ್ನೆರಡು ಪಟ್ಟಣ. ಮೊದಲ ಅಕ್ಷರಗಳನ್ನು ಸೇರಿಸಿ. ಭೂ, ಪ, ಪಂ, ಪ. ‘ಭೂಪ ಪಂಪ’! ನಮ್ಮ ಆದಿಕವಿಯೇ ಬಂದು ಕೂತ!

ಮೂಲ ಪ್ರತಿಯನ್ನು ಅಚ್ಚು ಹಾಕಿರಲಿಲ್ಲ, ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಕೈಯಲ್ಲೇ ಬರೆದರು. ನಂದಲಾಲ್ ಬೋಸ್ ಮತ್ತು ಶಾಂತಿನಿಕೇತನದ ಕಲಾವಿದರು ಚಿತ್ರಗಳಿಂದ ಸಿಂಗರಿಸಿದರು. ಆ ಚಿತ್ರಗಳೇ ನೆನಪಿನ ಗೂಟಗಳು! ನಿರ್ದೇಶಕ ತತ್ತ್ವಗಳ ನಾಲ್ಕನೇ ಭಾಗದಲ್ಲಿ ಯಾರಿದ್ದಾರೆ? ಅರ್ಜುನನಿಗೆ ದಾರಿ ತೋರುವ ಕೃಷ್ಣ. ತುರ್ತು ಪರಿಸ್ಥಿತಿಯ 18ನೇ ಭಾಗದಲ್ಲಿ ಗಲಭೆಯ ನೌಖಾಲಿಯಲ್ಲಿ ನಡೆಯುತ್ತಿರುವ ಗಾಂಧೀಜಿ. ಹದಿನಾರರಲ್ಲಿ ಝಾನ್ಸಿ ರಾಣಿಯ ಜೊತೆ ನಮ್ಮ ಟಿಪ್ಪು ಸುಲ್ತಾನ್. ತಿದ್ದುಪಡಿಯ 20ನೇ ಭಾಗದಲ್ಲಿ? ಹಿಮಾಲಯ. ಸಂವಿಧಾನ ತಿದ್ದುವುದೆಂದರೆ ಬೆಟ್ಟ ಹತ್ತಿದಷ್ಟೇ ಕಷ್ಟ ಎಂದು ನೆನಪಿಟ್ಟರಾಯಿತು!

ಕೊನೆಯದೊಂದು ಪದ ನಿಮಗೇ ಬಿಟ್ಟಿದ್ದೇನೆ. ‘ಭಯ’. ಮೇಲಿನ ಲೆಕ್ಕದಂತೆ ಬಿಡಿಸಿ, ತಿರುಗಿಸಿ, ಆ ನಂಬರಿನ ವಿಧಿಯನ್ನು ತೆರೆದು ಓದಿ. ಕಾನೂನಿನ ಭಯ ಬಡವನಿಗೂ ಬಲ್ಲಿದನಿಗೂ ಒಂದೇ ಎಂದು ಅಲ್ಲಿ ಬರೆದಿದೆಯೋ ಇಲ್ಲವೋ ನೀವೇ ಹೇಳಿ!