ಮರಿ ಅಂಗಳ ಅಗೀತಿದೆಯಾ?

ಮಲ್ಲಿಗೆ ಗಿಡದ ಬುಡದಲ್ಲೇ ನಾಯಿಮರಿ ಗುಂಡಿ ತೋಡಿದೆಯಾ? ಬೈಯೋ ಮೊದಲು ಒಂಚೂರು ಗಮನಿಸಿ. ತೋಡಿದ ಗುಂಡಿಯಲ್ಲೇ ಮಲಗಿದರೆ, ಅದಕ್ಕೆ ಸೆಕೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರೋದಿಲ್ಲ, ಒಳಗಿನ ಮಣ್ಣು ತಂಪಾಗಿರುತ್ತೆ. ನೆರಳಲ್ಲಿ ಒದ್ದೆ ಗೋಣಿಚೀಲ ಹಾಸಿ, ಪಕ್ಕದಲ್ಲಿ ನೀರಿಡಿ.

ಸುಮ್ಮನೆ ಕಂಡಕಂಡಲ್ಲಿ ಅಗೀತಿದ್ದರೆ, ಅದಕ್ಕೆ ಬೇಜಾರು. ಬೆಳಿಗ್ಗೆ, ಸಂಜೆ ವಾಕಿಂಗ್ ಕರ್ಕೊಂಡು ಹೋಗಿ.

ಡ್ಯಾಶ್‌ಹಂಡ್ ಆದರೆ ಅಗೆಯೋದು ಅದಕ್ಕೆ ರಕ್ತಗತ. ಜರ್ಮನಿಯಲ್ಲಿ ಬಿಲದ ಪ್ರಾಣಿಗಳ ಬೇಟೆಗೆಂದೇ ಬೆಳೆಸಿದ ತಳಿ ಅದು. ಪೂರ್ತಿ ಬಿಡಿಸೋಕೆ ಹೋಗಬೇಡಿ. ಒಂದು ಮೂಲೇಲಿ ಮರಳು ಸುರಿದು ಆಟಿಕೆ ಹೂತಿಡಿ. ಗಿಡದ ಹತ್ತಿರ ಕಾಲು ಕೆರೆದ ತಕ್ಷಣ ಆ ಮರಳಿನ ಮೂಲೆಗೆ ಕರ್ಕೊಂಡು ಹೋಗಿ. ಅಲ್ಲಿ ಅಗೆದರೆ ಶಭಾಷ್ ಅನ್ನಿ.

ಯಾವಾಗಲೋ ತೋಡಿದ ಗುಂಡಿ ತೋರಿಸಿ ಹೊಡೀಬೇಡಿ, ದಯವಿಟ್ಟು. ಪೆಟ್ಟು ಯಾಕೆ ಬಿತ್ತು ಅಂತ ಮರಿಗೆ ಗೊತ್ತೇ ಆಗಲ್ಲ.