ಮೆದುಳಿನ ಕಿರುಧಮನಿಗಳೂ ಅರಳುಮರಳೂ

'ಅರವತ್ತಕ್ಕೆ ಅರಳುಮರಳು' ಎಂಬ ಗಾದೆಯು ಕನ್ನಡಿಗರೆಲ್ಲರಿಗೂ ಪರಿಚಿತವಾದುದು. ಮುಪ್ಪಿನಲ್ಲಿ ಬುದ್ಧಿಯು ಮಂಕಾಗುವುದು ಕಾಲಧರ್ಮವೆಂಬುದೇ ಅದರ ತಾತ್ಪರ್ಯ. ಹಳಗನ್ನಡದಲ್ಲಿ 'ಮರುಳ್' ಎಂಬ ಶಬ್ದಕ್ಕೆ ಪಿಶಾಚಿ, ಭ್ರಾಂತಿ ಎಂಬೆರಡು ಅರ್ಥಗಳೂ ಉಂಟು. ವೈದ್ಯರು ಈ ಅವಸ್ಥೆಯನ್ನು ಡಿಮೆನ್ಷಿಯಾ ಎಂದು ಕರೆಯುವರು. ಮನಸ್ಸೆಂಬ ಅರ್ಥದ ಲ್ಯಾಟಿನ್ ಶಬ್ದಕ್ಕೆ ಅಗಲಿಕೆಯನ್ನು ಸೂಚಿಸುವ ಉಪಸರ್ಗವು ಸೇರಿ ಆದ ಪದವದು. ಆದರೆ ಇದು ವಯೋಧರ್ಮವೂ ಅಲ್ಲ, ಆವೇಶವೂ ಅಲ್ಲ, ರೋಗಗಳ ಫಲ. ಆ ರೋಗಗಳಲ್ಲಿ ಮೆದುಳಿನ ಅತಿ ಸಣ್ಣ ರಕ್ತನಾಳಗಳಿಗೆ ಒದಗುವ ಕೇಡು ಮುಖ್ಯವಾದುದೊಂದು. ಅದರ ಸ್ವರೂಪವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆವು.

ಮೆದುಳು ತೂಕದಲ್ಲಿ ದೇಹದ ನೂರಕ್ಕೆ 2ರಷ್ಟು ಮಾತ್ರವಾದರೂ, ದೇಹವು ವಿಶ್ರಾಂತಿಯಲ್ಲಿರುವಾಗ ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಪಾಲು ಅದಕ್ಕೇ ಬೇಕು. ಅದರ ಒಳಭಾಗಗಳಿಗೆ ರಕ್ತವನ್ನು ಮುಟ್ಟಿಸುವುವು ದೊಡ್ಡ ಧಮನಿಗಳಿಂದ ಕವಲೊಡೆದು ಆಳಕ್ಕೆ ಇಳಿಯುವ ಕಿರುಧಮನಿಗಳು. ಇವುಗಳ ವ್ಯಾಸವು ಒಂದು ಮಿಲಿಮೀಟರಿಗಿಂತ ಕಡಮೆ. ಇವು ನೆರೆಯ ಕವಲುಗಳೊಡನೆ ಕೂಡಿಕೊಳ್ಳುವುದು ಅಪೂರ್ವವಾದುದರಿಂದ, ಒಂದು ಮುಚ್ಚಿದರೆ ಆ ನೆಲಕ್ಕೆ ಬೇರೆ ದಾರಿಯಿಲ್ಲ. ಮೆದುಳಿನ ಭಾಗಗಳನ್ನು ಪರಸ್ಪರ ಜೋಡಿಸುವ ನರತಂತುಗಳಿರುವ ಶ್ವೇತದ್ರವ್ಯದ ಆಳವಾದ ಪ್ರದೇಶವು ಕಾಲುವೆಯ ಕೊನೆಯ ಗದ್ದೆಯಂತಿರುವುದು. ನೀರು ಕಡಮೆಯಾದಾಗ ಮೊದಲು ಒಣಗುವುದು ಅದೇ.

ಬಹುಕಾಲದ ರಕ್ತದೊತ್ತಡ, ಸಕ್ಕರೆ ರೋಗ, ಹೊಗೆಬತ್ತಿಯ ಸೇವನೆ, ವಯಸ್ಸು ಇವುಗಳಿಂದ ಈ ಕಿರುಧಮನಿಗಳ ಗೋಡೆಯು ದಪ್ಪವಾಗಿ ಬಿರುಸಾಗುವುದು, ಒಳದಾರಿಯು ಕಿರಿದಾಗುವುದು, ಬೇಕಾದಾಗ ಹಿಗ್ಗುವ ಶಕ್ತಿಯು ಕುಂದುವುದು. ಗೋಡೆಯಿಂದ ರಕ್ತದ ಅಂಶಗಳು ಒಸರಿ ಸುತ್ತಲಿನ ಅಂಗಾಂಶವನ್ನು ಕೆಡಿಸುವುದೂ ಉಂಟು. ಇದರಿಂದ ಮೂರು ಬಗೆಯ ಗುರುತುಗಳು ಉಳಿಯುವುವು: ನಾಳವು ಮುಚ್ಚಿದೆಡೆ ಸಣ್ಣ ಕುಳಿ, ಶ್ವೇತದ್ರವ್ಯದ ಕ್ಷಯ, ಅಲ್ಲಲ್ಲಿ ಸೂಕ್ಷ್ಮ ರಕ್ತಸ್ರಾವ.

ಶ್ವೇತದ್ರವ್ಯದ ಕ್ಷಯವನ್ನು 1894ರಲ್ಲಿ ಜರ್ಮನಿಯ ಯೆನಾದಲ್ಲಿದ್ದ ಬಿನ್ಸ್‌ವಾಂಗರ್ ವರ್ಣಿಸಿದನು. 1901ರಲ್ಲಿ ಫ್ರಾನ್ಸಿನ ಪಿಯೆರ್ ಮಾರಿಯು ವೃದ್ಧರ ಮೆದುಳಿನ ಕುಳಿಗಳನ್ನು ಕುರಿತು ಬರೆದನು. ಈ ಕುಳಿಗಳಿಗೆ 'ಲ್ಯಾಕ್ಯೂನ್' ಎಂದು ಹೆಸರು. ಪ್ರಾಚೀನ ಗ್ರಂಥಗಳ ಸಂಪಾದಕರು ಗ್ರಂಥಪಾತಕ್ಕೆ ಬಳಸುವ 'ಲ್ಯಾಕ್ಯೂನಾ' ಎಂಬ ಲ್ಯಾಟಿನ್ ಶಬ್ದವೇ ಇದರ ಮೂಲ. ಈ ಸಾಮ್ಯವು ವಿಷಯವನ್ನು ತಿಳಿಯಲು ಸಹಾಯಕವಾಗಿದೆ. ಓಲೆಗರಿಯಲ್ಲಿ ಒಂದೆರಡು ಅಕ್ಷರಗಳು ಲುಪ್ತವಾದರೆ ಓದುವವನು ಸಂದರ್ಭದಿಂದ ಊಹಿಸಿಕೊಳ್ಳುವನು. ಪಾತಗಳು ಹೆಚ್ಚಿದಂತೆ, ಅಥವಾ ಅನ್ವಯಕ್ಕೆ ಆವಶ್ಯಕವಾದ ಪದವೇ ಹೋದಾಗ, ಪದ್ಯವು ಅರ್ಥವಾಗದು. ಮೆದುಳಿನಲ್ಲಿಯೂ ಅನೇಕ ಕುಳಿಗಳು ಯಾವ ಲಕ್ಷಣವನ್ನೂ ತೋರದೆ ಉಂಟಾಗುವುವು. ಚಿತ್ರಣಯಂತ್ರಗಳು ಬಂದಮೇಲೆ ಶ್ವೇತದ್ರವ್ಯದ ಬದಲಾವಣೆಯು ಅನೇಕ ವೃದ್ಧರಲ್ಲಿ ಕಂಡುಬರಲು, 1987ರಲ್ಲಿ ಕೆನಡಾದ ಹಚಿನ್ಸ್‌ಕಿ ಮೊದಲಾದವರು ಅದಕ್ಕೆ 'ಲ್ಯೂಕೋಅರೈಯೋಸಿಸ್', ಎಂದರೆ ಬಿಳುಪಿನ ವಿರಳತೆ, ಎಂಬ ಗ್ರೀಕ್ ಮೂಲದ ಹೆಸರನ್ನಿಟ್ಟರು. ಈ ಗುರುತು ಕಂಡವರೆಲ್ಲರಿಗೂ ಡಿಮೆನ್ಷಿಯಾ ಬರುವುದೆಂದು ತಿಳಿಯಬಾರದು. ಆದರೆ ಅದರ ವ್ಯಾಪ್ತಿ ಹೆಚ್ಚಿದಂತೆ ಅಪಾಯವೂ ಹೆಚ್ಚುವುದು.

ಈ ರೋಗದ ಲಕ್ಷಣಗಳು ಆಲ್ಜೈಮರ್ ರೋಗದ ಲಕ್ಷಣಗಳಿಗಿಂತ ಭಿನ್ನ. ಆಲ್ಜೈಮರ್ ರೋಗದಲ್ಲಿ ಸಾಮಾನ್ಯವಾಗಿ ಮೊದಲು ಕೆಡುವುದು ಹೊಸ ಸಂಗತಿಗಳ ನೆನಪು. ಇಲ್ಲಿ ಮೊದಲು ಕುಂದುವುದು ಆಲೋಚನೆಯ ವೇಗ ಮತ್ತು ಕೆಲಸವನ್ನು ಕ್ರಮವಾಗಿ ಯೋಜಿಸುವ ಶಕ್ತಿ. ಮರೆತ ಮಾತು ಸ್ವಲ್ಪ ಸುಳಿವು ಕೊಟ್ಟರೆ ಅನೇಕ ವೇಳೆ ನೆನಪಿಗೆ ಬರುವುದು. ನಡಿಗೆಯು ಗಿಡ್ಡ ಹೆಜ್ಜೆಯದಾಗುವುದು, ಯಾವುದರಲ್ಲಿಯೂ ಆಸಕ್ತಿಯಿಲ್ಲದಂತಾಗುವುದು. ಮನೆಯವರು ಇದನ್ನು ಸೋಮಾರಿತನವೆಂದೋ ಮೊಂಡುತನವೆಂದೋ ಭಾವಿಸಿ ಹಿರಿಯರ ಮೇಲೆ ಸಿಡುಕುವುದುಂಟು.

ನಾಳಗಳ ಕೇಡೊಂದೇ ಬುದ್ಧಿಯನ್ನು ಕೆಡಿಸಬಲ್ಲುದೇ? ಬಲ್ಲುದೆಂಬುದಕ್ಕೆ ಕ್ಯಾಡಸಿಲ್ ಎಂಬ ಆನುವಂಶಿಕ ರೋಗವು ಪ್ರಮಾಣ. ನಾಚ್-3 ಎಂಬ ವಂಶವಾಹಿಯ ದೋಷವೇ ಅದಕ್ಕೆ ಕಾರಣವೆಂದು 1996ರಲ್ಲಿ ಗೊತ್ತಾಯಿತು. ಈ ದೋಷವುಳ್ಳವರಲ್ಲಿ ಮುಪ್ಪು ಬರುವ ಮೊದಲೇ ಕಿರುಧಮನಿಗಳು ಕೆಟ್ಟು, ಕಾಲಕ್ರಮದಲ್ಲಿ ಡಿಮೆನ್ಷಿಯಾ ತಲೆದೋರುವುದು.

ಆದರೆ ವೃದ್ಧರಲ್ಲಿ ಹೆಚ್ಚಾಗಿ ಕಾಣುವುದು ಎರಡು ರೋಗಗಳ ಕೂಟ. ಅಮೆರಿಕದಲ್ಲಿ ಬಹುಮಟ್ಟಿಗೆ ಅಧ್ಯಾಪಕ ವೃತ್ತಿಯಲ್ಲಿದ್ದ ಒಂದು ಕ್ರೈಸ್ತ ಸನ್ಯಾಸಿನಿಯರ ಸಂಘದವರು ತಮ್ಮ ಮರಣಾನಂತರ ಮೆದುಳನ್ನು ಪರೀಕ್ಷೆಗೆ ಒಪ್ಪಿಸಲು ಸಮ್ಮತಿಸಿದರು. 1997ರಲ್ಲಿ ಸ್ನೋಡನ್ ಮತ್ತು ಸಂಗಡಿಗರು ಪ್ರಕಟಿಸಿದ ವರದಿಯು ಅಂತಹ 102 ಮಂದಿಯನ್ನು ಕುರಿತುದು. ಅವರಲ್ಲಿ 61 ಮಂದಿಯ ಮೆದುಳಿನಲ್ಲಿ ಆಲ್ಜೈಮರ್ ರೋಗದ ಚಿಹ್ನೆಗಳು ಸಾಕಷ್ಟಿದ್ದುವು. ಇವರೊಳಗೆ ಆಳವಾದ ಭಾಗಗಳಲ್ಲಿ ಒಂದೆರಡು ಕುಳಿಗಳೂ ಇದ್ದವರು ಬದುಕಿದ್ದಾಗ ಡಿಮೆನ್ಷಿಯಾಕ್ಕೆ ಈಡಾಗಿದ್ದುದು ಬಹಳ ಹೆಚ್ಚು. ಉಳಿದ 41 ಮಂದಿಯಲ್ಲಿಯಾದರೋ ಇಂತಹ ಕೇಡಿಗೂ ಬುದ್ಧಿಕ್ಷಯಕ್ಕೂ ಇದ್ದ ಸಂಬಂಧವು ದುರ್ಬಲ. ಒಂದು ರೋಗವನ್ನು ತಾಳಿಕೊಂಡಿದ್ದ ಮೆದುಳು ಇನ್ನೊಂದು ಸೇರಿದೊಡನೆ ಸೋಲುವುದೆಂದು ಇದರಿಂದ ಊಹಿಸಬಹುದು.

ಇದರಿಂದ ಒಂದು ಆಶೆಯೂ ಹುಟ್ಟುವುದು, ರಕ್ತದೊತ್ತಡವನ್ನಾದರೋ ತಗ್ಗಿಸಬಹುದು. 2019ರಲ್ಲಿ ಪ್ರಕಟವಾದ ಸ್ಪ್ರಿಂಟ್ ಮೈಂಡ್ ಎಂಬ ಪರೀಕ್ಷೆಯಲ್ಲಿ, 50 ವರ್ಷಕ್ಕೆ ಮೇಲ್ಪಟ್ಟ 9,361 ಮಂದಿ ರಕ್ತದೊತ್ತಡವುಳ್ಳವರನ್ನು ಎರಡು ಪಂಗಡ ಮಾಡಿ, ಒಂದರಲ್ಲಿ ಒತ್ತಡದ ಮೇಲಿನ ಅಂಕವನ್ನು 120ಕ್ಕೂ ಇನ್ನೊಂದರಲ್ಲಿ 140ಕ್ಕೂ ಕೆಳಗೆ ಇರಿಸಲು ಯತ್ನಿಸಲಾಯಿತು. ಮೊದಲನೆಯ ಪಂಗಡದಲ್ಲಿ ಡಿಮೆನ್ಷಿಯಾದ ಪೂರ್ವಾವಸ್ಥೆಯು ಕಡಮೆಯಾಯಿತು. ಶ್ವೇತದ್ರವ್ಯದ ಕ್ಷಯವೂ ನಿಧಾನವಾಯಿತು. ಡಿಮೆನ್ಷಿಯಾವೇ ಕಡಮೆಯಾಯಿತೆಂದು ಮಾತ್ರ ನಿಶ್ಚಯವಾಗಿ ಹೇಳುವಂತಾಗಲಿಲ್ಲ.

ಒಮ್ಮೆ ನಷ್ಟವಾದ ನರತಂತುವನ್ನು ಮರಳಿ ತರುವ ಔಷಧವಿಲ್ಲ. ಆದುದರಿಂದ ಕಾಯಬೇಕಾದುದು ಅರವತ್ತರಲ್ಲಿ ಅಲ್ಲ, ನಲವತ್ತು ಐವತ್ತರಲ್ಲಿ. ಮೇಲೆ ಹೇಳಿದ ಗಾದೆಯು ಭಾಷೆಯ ಸಂಪತ್ತಾಗಿ ಉಳಿಯಲಿ. ರೋಗಿಯನ್ನು ವೈದ್ಯನ ಬಳಿಗೆ ಕರೆದೊಯ್ಯದಿರುವುದಕ್ಕೆ ಅದು ನೆಪವಾಗದಿರಲಿ.