ಬೆಂಕಿಯಿಂದ ತಂಪು: ಮನೆಗಾಡಿಯ ಫ್ರಿಜ್ ಹೊತ್ತಿ ಉರಿಯದಂತೆ ತಡೆಯುವುದು ಹೇಗೆ?

ಕೊಟ್ಟೂರಿನ ಗುರುಬಸವೇಶ್ವರ ತೇರು, ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ, ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಜಾತ್ರೆ - ಇವಕ್ಕೆಲ್ಲ ಹಿಂದೆ ಜನ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದರು. ಕಮಾನಿನ ಅಡಿಯಲ್ಲಿ ಹಾಸಿಗೆ, ಬುತ್ತಿ, ಹರವಿಯಲ್ಲಿ ನೀರು. ಬಂಡಿ ನಿಂತಲ್ಲೇ ಮನೆ, ಮೂರು ಕಲ್ಲು ಇಟ್ಟಲ್ಲೇ ಒಲೆ. ಒಲೆ ಮಾತ್ರ ಬಂಡಿಯಿಂದ ದೂರ, ನೆಲದ ಮೇಲೆ.

ಇಂದು ಬಂಡಿಯ ಜಾಗಕ್ಕೆ ಟ್ರ್ಯಾಕ್ಟರ್ ಟ್ರೈಲರ್, ಟೆಂಪೊಗಳು ಬಂದಿವೆ. ಚಿತ್ರದುರ್ಗದಿಂದ ಕೂಡ್ಲಿಗಿಯ ಮೂಲಕ ಹೊಸಪೇಟೆಗೆ ಹೋಗುವ 50ನೇ ರಾಷ್ಟ್ರೀಯ ಹೆದ್ದಾರಿ, ಬೆಂಗಳೂರಿನಿಂದ ಹಂಪಿ ನೋಡಲು ಬರುವ ಕ್ಯಾರವಾನ್‌ಗಳಿಗೂ ದಾರಿಯಾಗಿದೆ. ಮಂಚ, ಅಡುಗೆ ಕಟ್ಟೆ, ಶೌಚಾಲಯ, ಫ್ರಿಜ್ ಎಲ್ಲವೂ ಇರುವ ಈ ವಾಹನವನ್ನು ನಾವು 'ಮನೆಗಾಡಿ' ಎಂದು ಕರೆಯೋಣ. ಬಂಡಿಯ ಕಾಲದಲ್ಲಿ ಹೊರಗಿದ್ದ ಬೆಂಕಿ ಮನೆಗಾಡಿಯಲ್ಲಿ ಒಳಗೆ ಬಂದಿದೆ. ಒಲೆಯ ಬೆಂಕಿ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಎಚ್ಚರ ವಹಿಸುತ್ತೇವೆ. ಆದರೆ ಫ್ರಿಜ್‌ನ ಬೆನ್ನಿನಲ್ಲಿಯೂ ಒಂದು ಬೆಂಕಿ ಉರಿಯುತ್ತಿರಬಹುದು ಎಂದರೆ ನಂಬುವಿರಾ?

ಮೋಟಾರಿಲ್ಲದ ಫ್ರಿಜ್

ನಮ್ಮ ಮನೆಗಳಲ್ಲಿರುವ ಫ್ರಿಜ್‌ನಲ್ಲಿ ವಿದ್ಯುತ್ತಿನಿಂದ ನಡೆಯುವ ಕಂಪ್ರೆಸರ್ ಇರುತ್ತದೆ. ವಿದ್ಯುತ್ ಸಿಗದ ಕಡೆ ಇದು ನಿರುಪಯುಕ್ತ. 1922ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಬಾಲ್ಟ್‌ಜಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟೆರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಕಂಪ್ರೆಸರ್ ಇಲ್ಲದ, ತಿರುಗುವ ಯಾವ ಭಾಗವೂ ಇಲ್ಲದ ಫ್ರಿಜ್ ಒಂದನ್ನು ರೂಪಿಸಿದರು. ಇದಕ್ಕೆ ಬೇಕಾದುದು ಶಾಖ ಮಾತ್ರ. ಸೀಮೆಎಣ್ಣೆಯ ದೀಪವಾದರೂ ಸರಿ, ಅಡುಗೆ ಅನಿಲದ ಪುಟ್ಟ ಜ್ವಾಲೆಯಾದರೂ ಸರಿ, ವಿದ್ಯುತ್ ಕಾಯಿಲ್ ಆದರೂ ಸರಿ. ಇದೇ ಹೀರಿಕೆ ಫ್ರಿಜ್. ಸದ್ದಿಲ್ಲದೆ ನಡೆಯುವ ಇದು ಅಮೆರಿಕ, ಯುರೋಪುಗಳ ಮನೆಗಾಡಿಗಳಲ್ಲಿ ದಶಕಗಳಿಂದ ಬಳಕೆಯಲ್ಲಿದೆ.

ಶಾಖ ಕೊಟ್ಟರೆ ತಂಪು ಬರುವುದು ಹೇಗೆ? ಮಣ್ಣಿನ ಹರವಿಯನ್ನು ನೆನೆಸಿಕೊಳ್ಳಿ. ಅದರ ಮೈಯಿಂದ ಜಿನುಗಿದ ನೀರು ಒಣಗಾಳಿಗೆ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಪಡೆಯುತ್ತದೆ. ಹಾಗಾಗಿ ಹರವಿಯ ನೀರು ತಣ್ಣಗಾಗುತ್ತದೆ. ಹೀರಿಕೆ ಫ್ರಿಜ್‌ನಲ್ಲಿ ನೀರಿನ ಕೆಲಸವನ್ನು ಅಮೋನಿಯ ಮಾಡುತ್ತದೆ, ಒಣಗಾಳಿಯ ಕೆಲಸವನ್ನು ಹೈಡ್ರೋಜನ್ ಅನಿಲ ಮಾಡುತ್ತದೆ. ಸಾಮಾನ್ಯ ಒತ್ತಡದಲ್ಲಿ ಅಮೋನಿಯ ಸೊನ್ನೆಗಿಂತ 33 ಡಿಗ್ರಿ ಸೆಲ್ಸಿಯಸ್ ಕೆಳಗೆ ಕುದಿಯುವುದರಿಂದ ಅದು ಆವಿಯಾಗುವಾಗ ಉಂಟಾಗುವ ತಂಪು ಹರವಿಯ ತಂಪಿಗಿಂತ ಬಹಳ ಹೆಚ್ಚು.

ಆವಿಯಾದ ಅಮೋನಿಯವನ್ನು ಮತ್ತೆ ಬಳಸಬೇಕಲ್ಲವೆ? ಅದನ್ನು ನೀರು ಹೀರಿಕೊಳ್ಳುತ್ತದೆ. ಅಮೋನಿಯ ತುಂಬಿದ ಈ ನೀರು ಫ್ರಿಜ್‌ನ ಬೆನ್ನಿನಲ್ಲಿರುವ ಕುದಿ ಕೊಳವೆಗೆ ಬರುತ್ತದೆ. ಅಲ್ಲಿ ಜ್ವಾಲೆಯ ಶಾಖಕ್ಕೆ ಗುಳ್ಳೆಗಳು ಎದ್ದು, ಉಕ್ಕುವ ಗಂಜಿ ಮುಚ್ಚಳವನ್ನು ಎತ್ತುವಂತೆ, ದ್ರವವನ್ನು ಕಿರುಗೊಳವೆಯಲ್ಲಿ ಮೇಲಕ್ಕೆ ತಳ್ಳುತ್ತವೆ. ಅಮೋನಿಯ ಬೇರ್ಪಟ್ಟು, ಹೊರಗಾಳಿಗೆ ತಣಿದು ದ್ರವವಾಗಿ ಮತ್ತೆ ತಂಪು ಮಾಡುವ ಕೊಳವೆಗೆ ಇಳಿಯುತ್ತದೆ. ಮೇಲೇರಿಸುವುದು ಗುಳ್ಳೆ, ಕೆಳಗಿಳಿಸುವುದು ಭೂಮಿಯ ಗುರುತ್ವ. ಇಲ್ಲಿ ಬೇರೆ ಪಂಪು ಇಲ್ಲ.

ಮಟ್ಟ ತಪ್ಪಿದರೆ ಅಪಾಯ

ತೊಂದರೆಯ ಬೇರು ಇಲ್ಲಿಯೇ ಇದೆ. ಹೊಲದ ಕಾಲುವೆಯ ಇಳಿಜಾರು ಸ್ವಲ್ಪ ತಪ್ಪಿದರೂ ನೀರು ಮುಂದೆ ಹೋಗದೆ ನಿಲ್ಲುವುದನ್ನು ನೀವು ನೋಡಿರುತ್ತೀರಿ. ಅದೇ ರೀತಿ ಗಾಡಿ ವಾಲಿ ನಿಂತಾಗ ಫ್ರಿಜ್‌ನ ಕೊಳವೆಗಳಲ್ಲಿ ದ್ರವ ಅಲ್ಲಲ್ಲಿ ನಿಂತುಬಿಡುತ್ತದೆ. ಕುದಿ ಕೊಳವೆಗೆ ಹಿಂದಿರುಗುವ ದ್ರವ ಕಡಿಮೆಯಾಗುತ್ತದೆ. ಕೆಳಗೆ ಜ್ವಾಲೆ ಮಾತ್ರ ಉರಿಯುತ್ತಲೇ ಇರುತ್ತದೆ. ನೀರಿಲ್ಲದ ಪಾತ್ರೆಯನ್ನು ಒಲೆಯ ಮೇಲೆ ಮರೆತಂತೆ ಕೊಳವೆ ಮಿತಿಮೀರಿ ಕಾಯುತ್ತದೆ.

ಕೊಳವೆಯ ಉಕ್ಕು ತುಕ್ಕು ಹಿಡಿಯದಿರಲೆಂದು ದ್ರವದಲ್ಲಿ ಸೋಡಿಯಂ ಕ್ರೋಮೇಟ್ ಎಂಬ ಹಳದಿ ಲವಣವನ್ನು ಬೆರೆಸಿರುತ್ತಾರೆ. ಅತಿಯಾಗಿ ಕಾದಾಗ ಈ ಲವಣ ಗಟ್ಟಿಯಾಗಿ ಕಿರುಗೊಳವೆಯನ್ನು ಕಟ್ಟುತ್ತದೆ, ಉಕ್ಕಿಗೆ ರಕ್ಷಣೆ ತಪ್ಪುತ್ತದೆ. ಹೀಗೆ ಹಲವು ಬಾರಿ ಕಾದು ತಣಿದ ಕೊಳವೆಯಲ್ಲಿ ಕೂದಲೆಳೆಯ ಬಿರುಕು ಬಿಡಬಹುದು. ಒಳಗಿನ ಒತ್ತಡವೋ ವಾಯುಮಂಡಲದ ಒತ್ತಡದ 20 ಪಟ್ಟಿಗೂ ಹೆಚ್ಚು. ಬಿರುಕಿನಿಂದ ಅಮೋನಿಯದ ಜೊತೆ ಹೈಡ್ರೋಜನ್ ಹೊರನುಗ್ಗುತ್ತದೆ. ಗಾಳಿಯಲ್ಲಿ ಹೈಡ್ರೋಜನ್ ಶೇಕಡ 4ರಿಂದ 75ರವರೆಗೆ ಯಾವ ಪ್ರಮಾಣದಲ್ಲಿ ಬೆರೆತಿದ್ದರೂ ಹೊತ್ತಿಕೊಳ್ಳಬಲ್ಲದು, ಅದಕ್ಕೆ ಅತಿ ಸಣ್ಣ ಕಿಡಿ ಸಾಕು. ಇಲ್ಲಂತೂ ಜ್ವಾಲೆ ಬೆರಳುದ್ದದ ದೂರದಲ್ಲೇ ಇದೆ! ಹೈಡ್ರೋಜನ್ನಿನ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೂ ಕಷ್ಟ.

ಇದು ಊಹೆಯ ಅಪಾಯವಲ್ಲ. ಕುದಿ ಕೊಳವೆಯಲ್ಲಿ ಬಿರುಕು ಬಿಟ್ಟು ಬೆಂಕಿ ತಗಲಬಹುದೆಂಬ ಕಾರಣಕ್ಕೆ 2006ರಲ್ಲಿ ಅಮೆರಿಕದಲ್ಲಿ ಡೊಮೆಟಿಕ್ ಸಂಸ್ಥೆಯ 9 ಲಕ್ಷಕ್ಕೂ ಹೆಚ್ಚು ಫ್ರಿಜ್‌ಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಯಬೇಕಾಯಿತು. 2010ರಲ್ಲಿ ನಾರ್‌ಕೋಲ್ಡ್ ಸಂಸ್ಥೆಯ ಕೆಲವು ಮಾದರಿಗಳಿಗೂ ಇದೇ ಗತಿ ಬಂದಿತು. ಕುದಿ ಕೊಳವೆ ಮಿತಿಮೀರಿ ಕಾದರೆ ಶಾಖವನ್ನು ತಾನಾಗಿ ನಿಲ್ಲಿಸುವ ಸಂವೇದಕವನ್ನು ಜೋಡಿಸುವುದು ಅದಕ್ಕೆ ಕಂಡುಕೊಂಡ ಪರಿಹಾರಗಳಲ್ಲಿ ಒಂದು.

ಎಷ್ಟು ವಾಲಿದರೆ ಹೆಚ್ಚು?

ಇಂಥ ಫ್ರಿಜ್‌ಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಮಿತಿ ಒಂದು ದಿಕ್ಕಿಗೆ 3 ಡಿಗ್ರಿ, ಇನ್ನೊಂದು ದಿಕ್ಕಿಗೆ 6 ಡಿಗ್ರಿ. ಮೂರು ಡಿಗ್ರಿ ಎಂದರೆ ಒಂದು ಮೀಟರ್ ಉದ್ದಕ್ಕೆ ಸುಮಾರು 5 ಸೆಂಟಿಮೀಟರ್ ಏರಿಳಿತ. ಬರಿಗಣ್ಣಿಗೆ ಇದು ಗೊತ್ತಾಗುವುದೇ ಇಲ್ಲ. ಗಾರೆ ಕೆಲಸದವರು ಬಳಸುವ ರಸಮಟ್ಟವನ್ನು ಫ್ರಿಜ್‌ನ ಒಳತಳದ ಮೇಲೆ ಎರಡೂ ದಿಕ್ಕಿಗೆ ಇಟ್ಟು ನೋಡಿ. ಗುಳ್ಳೆ ನಡುವೆ ಬರುವವರೆಗೆ ತಗ್ಗಿನ ಕಡೆಯ ಚಕ್ರದ ಕೆಳಗೆ ಗಟ್ಟಿಮುಟ್ಟಾದ ಹಲಗೆ ಕೊಡಿ. ಉಳಿದ ಚಕ್ರಗಳಿಗೆ ಅಡೆ ಇಡುವುದನ್ನು ಮರೆಯಬೇಡಿ.

ಮೈಲಾರದಲ್ಲಿ ತುಂಗಭದ್ರೆಯ ದಂಡೆ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮದ ಕೆರೆ ಏರಿ, ಉಚ್ಚಂಗಿದುರ್ಗದ ಬೆಟ್ಟದ ಬುಡ - ನೋಡಲು ಚೆಂದವಾದ ಈ ಜಾಗಗಳೆಲ್ಲ ಇಳಿಜಾರಿನವೇ. ಗಾಡಿ ಓಡುವಾಗ ಕುಲುಕಾಟಕ್ಕೆ ದ್ರವ ಒಂದೇ ಕಡೆ ನಿಲ್ಲುವುದಿಲ್ಲ. ವಾಲಿಸಿ ನಿಲ್ಲಿಸಿ, ಫ್ರಿಜ್ ಹಚ್ಚಿಟ್ಟು, ರಾತ್ರಿಯಿಡೀ ಮಲಗುವುದೇ ಹೆಚ್ಚು ಅಪಾಯಕಾರಿ. ಸಮತಟ್ಟಾದ ಜಾಗ ಸಿಗದಿದ್ದರೆ ಫ್ರಿಜ್ ಆರಿಸಿಬಿಡಿ. ಬಾಗಿಲು ತೆರೆಯದಿದ್ದರೆ ಒಳಗಿನ ತಂಪು ಕೆಲವು ಗಂಟೆ ಉಳಿಯುತ್ತದೆ. ಹಾಲು ಕೆಟ್ಟರೆ ನಷ್ಟ ಅಲ್ಪ.

ಬಿಸಿಲು, ಧೂಳು ಮತ್ತು ಕುಂಬಾರ ಹುಳು

ಈ ಫ್ರಿಜ್ ತನ್ನ ಶಾಖವನ್ನು ಹೊರಗಾಳಿಗೆ ಬಿಟ್ಟುಕೊಡಬೇಕು. ಅದಕ್ಕಾಗಿ ಗಾಡಿಯ ಗೋಡೆಯಲ್ಲಿ ಕೆಳಗೊಂದು, ಮೇಲೊಂದು ಗಾಳಿಗಿಂಡಿ ಇರುತ್ತವೆ. ನಮ್ಮ ಬಯಲುಸೀಮೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ಹೊರಗಾಳಿಯೇ 40 ಡಿಗ್ರಿಯ ಆಸುಪಾಸಿನಲ್ಲಿರುವಾಗ ಫ್ರಿಜ್ ಸರಿಯಾಗಿ ತಂಪಾಗುವುದಿಲ್ಲ. ಆಗ ನಾವು ಗುಂಡಿಯನ್ನು ಪೂರ್ತಿ ತಿರುಗಿಸುತ್ತೇವೆ. ಜ್ವಾಲೆ ಬಿಡುವಿಲ್ಲದೆ ಉರಿಯುತ್ತದೆ. ಇದರ ಬದಲು ಗಾಳಿಗಿಂಡಿಯ ಬದಿ ನೆರಳಿಗೆ ಬರುವಂತೆ ಗಾಡಿ ನಿಲ್ಲಿಸುವುದು ಜಾಣತನ. ಗಿಂಡಿಗೆ ಅಡ್ಡವಾಗಿ ತಾಡಪಾಲು, ಚೀಲ, ಒಣ ಬಟ್ಟೆ ಇರಕೂಡದು.

ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಬರ್ನರಿನ ಕೊಳವೆಗೆ ಧೂಳು, ಜೇಡರ ಬಲೆ ತುಂಬುತ್ತವೆ. ಕುಂಬಾರ ಹುಳು ಮಣ್ಣು ಮೆತ್ತಿ ಗೂಡು ಕಟ್ಟುವುದೂ ಉಂಟು. ಆಗ ಅನಿಲಕ್ಕೆ ಸಾಕಷ್ಟು ಗಾಳಿ ಬೆರೆಯದೆ ಜ್ವಾಲೆ ನೀಲಿಯ ಬದಲು ಹಳದಿಯಾಗುತ್ತದೆ, ಮಸಿ ಕಟ್ಟುತ್ತದೆ, ವಿಷಕಾರಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಪ್ರವಾಸಕ್ಕೆ ಮುಂಚೆ ಬರ್ನರನ್ನು ತಿಳಿದವರಿಂದ ಶುಚಿಗೊಳಿಸಿ.

ಸಿಲಿಂಡರ್ ಇದ್ದಲ್ಲಿ

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಹೋಗದೆ ಗಾಡಿಯ ತಳದಲ್ಲಿ, ಮಂಚದ ಕೆಳಗೆ ನೀರಿನಂತೆ ನಿಲ್ಲುತ್ತದೆ. ಗಾಳಿಯಲ್ಲಿ ಶೇಕಡ 2ರಷ್ಟು ಬೆರೆತರೂ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಸಿಲಿಂಡರ್ ಇಡುವ ಗೂಡಿಗೆ ತಳದಲ್ಲಿಯೇ ಹೊರಕ್ಕೆ ರಂಧ್ರ ಇರಬೇಕು. ಸಿಲಿಂಡರ್ ನೆಟ್ಟಗೆ, ಅಲುಗದಂತೆ ಬಿಗಿದಿರಬೇಕು.

2023ರ ಆಗಸ್ಟ್ 26ರಂದು ತಮಿಳುನಾಡಿನ ಮದುರೆ ನಿಲ್ದಾಣದ ಬಳಿ ನಿಂತಿದ್ದ ಯಾತ್ರಿಕರ ರೈಲು ಬೋಗಿಯೊಂದಕ್ಕೆ ಬೆಂಕಿ ಬಿದ್ದು 9 ಮಂದಿ ತೀರಿಕೊಂಡರು. ನಿಯಮ ಮೀರಿ ಒಳಗೆ ತಂದಿದ್ದ ಅಡುಗೆ ಅನಿಲದ ಸಿಲಿಂಡರ್ ಇದಕ್ಕೆ ಕಾರಣವೆಂದು ರೈಲ್ವೆ ತಿಳಿಸಿತು. ಬೋಗಿ ಓಡುತ್ತಿರಲಿಲ್ಲ, ಯಾವುದಕ್ಕೂ ಡಿಕ್ಕಿ ಹೊಡೆದಿರಲಿಲ್ಲ. ಇಕ್ಕಟ್ಟಾದ ಜಾಗ, ಹೊತ್ತುವ ಹಾಸಿಗೆ, ಕಿರಿದಾದ ಬಾಗಿಲು - ಮನೆಗಾಡಿಯಲ್ಲಿಯೂ, ತಾಡಪಾಲು ಹೊದಿಸಿದ ಜಾತ್ರೆಯ ಟ್ರೈಲರಿನಲ್ಲಿಯೂ ಇರುವುದು ಇದೇ ಸ್ಥಿತಿಯಲ್ಲವೆ?

ಬ್ಯಾಟರಿ ಫ್ರಿಜ್ ಆದರೆ ಭಯವಿಲ್ಲವೆ?

ಬ್ಯಾಟರಿಯಿಂದ ನಡೆಯುವ ಕಂಪ್ರೆಸರ್ ಫ್ರಿಜ್‌ಗಳೂ ಮನೆಗಾಡಿಗಳಿಗೆ ಬಂದಿವೆ. ಇವುಗಳಲ್ಲಿ ಜ್ವಾಲೆ ಇಲ್ಲ, ಸ್ವಲ್ಪ ವಾಲಿದರೂ ಚಿಂತೆಯಿಲ್ಲ. ಆದರೆ ಅಪಾಯ ತಂತಿಗೆ ವರ್ಗವಾಗುತ್ತದೆ. 60 ವ್ಯಾಟಿನ ಫ್ರಿಜ್ ಮನೆಯ 230 ವೋಲ್ಟಿನಲ್ಲಿ ಸುಮಾರು ಕಾಲು ಆಂಪಿಯರ್ ವಿದ್ಯುತ್ ಎಳೆದರೆ, 12 ವೋಲ್ಟಿನ ಬ್ಯಾಟರಿಯಿಂದ 5 ಆಂಪಿಯರ್ ಎಳೆಯುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ಅದೇ ತಂತಿಯಲ್ಲಿ ಶಾಖ ಸುಮಾರು 367 ಪಟ್ಟು ಹೆಚ್ಚು! ಮನೆಗೆ ಸಾಲುವ ತೆಳು ತಂತಿ ಗಾಡಿಗೆ ಸಾಲದು ಎನ್ನುವುದು ಇದಕ್ಕೇ.

ಹೀರಿಕೆ ಫ್ರಿಜ್‌ನ್ನು ಬ್ಯಾಟರಿಯಿಂದ ಕಾಯಿಸಿದರೆ ಪ್ರವಾಹ 15 ಆಂಪಿಯರ್ ದಾಟಬಹುದು. ಆಗ ಸಡಿಲವಾದ ಒಂದು ಜೋಡಣೆಯಲ್ಲಿ 0.1 ಓಮ್ ರೋಧವಿದ್ದರೂ ಅಷ್ಟು ಸಣ್ಣ ಜಾಗದಲ್ಲಿ 22 ವ್ಯಾಟಿಗೂ ಹೆಚ್ಚು ಶಾಖ ಹುಟ್ಟುತ್ತದೆ. ರೇಡಿಯೊ ರಿಪೇರಿಯವರು ಸೀಸ ಕರಗಿಸಲು ಬಳಸುವ ಬೆಸುಗೆ ಕಡ್ಡಿಯದು 25 ವ್ಯಾಟ್. ಪ್ಲೈವುಡ್ ಗೋಡೆಯ ಹಿಂದೆ ಬೆಸುಗೆ ಕಡ್ಡಿಯನ್ನು ಹಚ್ಚಿಟ್ಟಂತಾಯಿತು. ಕುಲುಕುವ ಗಾಡಿಯಲ್ಲಿ ಜೋಡಣೆಗಳು ಸಡಿಲವಾಗುವುದು ಸಹಜ. ಆರು ತಿಂಗಳಿಗೊಮ್ಮೆ ಬಿಗಿ ಮಾಡಿಸಿ. ತಂತಿಯನ್ನು ಕಾಯುವ ಫ್ಯೂಸ್ ಬ್ಯಾಟರಿಯ ಧನ ತುದಿಗೆ ಆದಷ್ಟು ಹತ್ತಿರ ಇರಲಿ. ಅದು ಪದೇ ಪದೇ ಹೋಗುತ್ತಿದ್ದರೆ ಕಾರಣ ಹುಡುಕಿ, ತಂತಿ ಚೂರು ಸುತ್ತಿ ಮುಂದೆ ಸಾಗಬೇಡಿ.

ಮನೆಯ ಫ್ರಿಜ್‌ನ್ನೇ ಇನ್‌ವರ್ಟರ್ ಮೂಲಕ ಗಾಡಿಯಲ್ಲಿ ಬಳಸುವವರೂ ಇದ್ದಾರೆ. ಇತ್ತೀಚಿನ ಮನೆ ಫ್ರಿಜ್‌ಗಳಲ್ಲಿ ಐಸೊಬ್ಯುಟೇನ್ ಎಂಬ, ಅಡುಗೆ ಅನಿಲದ ಜಾತಿಯ ಅನಿಲ ಇರುತ್ತದೆ. ಪ್ರಮಾಣ ಕೆಲವೇ ಹತ್ತು ಗ್ರಾಂ ಆದರೂ ಗಾಡಿಯ ಒಳಜಾಗವೂ ಚಿಕ್ಕದು. ಮಂಜುಗಡ್ಡೆ ಕೆರೆಯಲು ಚಾಕು, ಸ್ಕ್ರೂಡ್ರೈವರ್ ಬಳಸಿ ಕೊಳವೆಗೆ ತೂತು ಮಾಡಬೇಡಿ.

ನೆನಪಿಡಿ

1. ಅನಿಲದ ಫ್ರಿಜ್ ಹಚ್ಚುವ ಮುನ್ನ ರಸಮಟ್ಟ ನೋಡಿ.

2. ಪೆಟ್ರೋಲ್ ಬಂಕಿಗೆ ತಿರುಗುವ ಮೊದಲೇ ಜ್ವಾಲೆ ಆರಿಸಿ. ಬಂಕಿನೊಳಗೆ ಬಂದ ಮೇಲೆ ನೆನಪಾದರೆ ತಡವಾಯಿತು. ಗಾಡಿ ಓಡುವಾಗ ಸಿಲಿಂಡರಿನ ಕವಾಟ ಮುಚ್ಚಿಡುವುದು ಕ್ಷೇಮ.

3. ಫ್ರಿಜ್‌ನ ಬೆನ್ನಿನಲ್ಲಿ ಹಳದಿ ಪುಡಿ ಕಂಡರೆ ಅಥವಾ ಮೂಗಿಗೆ ಘಾಟು ಹೊಡೆದರೆ ಅದು ಅಮೋನಿಯ ಸೋರಿಕೆಯ ಗುರುತು. ಜ್ವಾಲೆ, ವಿದ್ಯುತ್ ಎರಡನ್ನೂ ನಿಲ್ಲಿಸಿ, ಎಲ್ಲರೂ ಹೊರಗೆ ಬನ್ನಿ. ಆ ಫ್ರಿಜ್‌ನ್ನು ಮತ್ತೆ ಹಚ್ಚಬೇಡಿ. ಹಳದಿ ಪುಡಿ ವಿಷಕಾರಿ, ಬರಿಗೈಯಿಂದ ಮುಟ್ಟಬೇಡಿ.

4. ಇದ್ದಕ್ಕಿದ್ದಂತೆ ತಂಪು ನಿಂತರೆ ಗುಂಡಿಯನ್ನು ಇನ್ನಷ್ಟು ತಿರುಗಿಸಬೇಡಿ. ಆರಿಸಿ, ಪರೀಕ್ಷೆ ಮಾಡಿಸಿ.

5. ಒಣ ಪುಡಿಯ ಅಗ್ನಿಶಾಮಕವನ್ನು ಬಾಗಿಲ ಬಳಿ ಇಡಿ. ಫ್ರಿಜ್ ಪಕ್ಕದಲ್ಲಿಟ್ಟರೆ ಬೇಕಾದಾಗ ಕೈಗೆ ಸಿಗದು.

6. ಹೊಗೆ ಮತ್ತು ಅನಿಲ ಸೋರಿಕೆಯನ್ನು ತಿಳಿಸುವ ಎಚ್ಚರಿಕೆ ಗಂಟೆ ಅಳವಡಿಸಿ. ಅನಿಲದ್ದು ನೆಲದ ಹತ್ತಿರ, ಹೊಗೆಯದು ಚಾವಣಿಯಲ್ಲಿ ಇರಬೇಕು.

7. ಬಾಗಿಲಲ್ಲದೆ ಇನ್ನೊಂದು ಹೊರದಾರಿ ಯಾವುದು, ಅದನ್ನು ತೆರೆಯುವುದು ಹೇಗೆ ಎಂಬುದು ಮಕ್ಕಳಿಗೂ ತಿಳಿದಿರಲಿ. ಮಂಚದ ಸಾಮಾನು ಅದಕ್ಕೆ ಅಡ್ಡ ಬಾರದಿರಲಿ.

8. ಬೆಂಕಿ ಕಂಡರೆ ಮೊದಲು ಜನ ಹೊರಗೆ, ಆಮೇಲೆ ಉಳಿದದ್ದು. ಅಗ್ನಿಶಾಮಕ ಠಾಣೆಗೆ 101 ಅಥವಾ 112, ಅಡುಗೆ ಅನಿಲ ಸೋರಿದರೆ 1906 ಸಂಖ್ಯೆಗೆ ಕರೆ ಮಾಡಿ.

ಹೆದ್ದಾರಿಯಲ್ಲಿ ತಾಲ್ಲೂಕು ಕೇಂದ್ರಗಳ ನಡುವಿನ ದಾರಿ ಉದ್ದ. ಅಗ್ನಿಶಾಮಕ ವಾಹನ ಎಷ್ಟೇ ಬೇಗ ಹೊರಟರೂ ಬಂದು ಸೇರಲು ಸಮಯ ಹಿಡಿಯುತ್ತದೆ. ಪ್ಲೈವುಡ್, ರೆಕ್ಸಿನ್, ಸ್ಪಂಜುಗಳಿಂದ ತುಂಬಿದ ಗಾಡಿ ಅಷ್ಟು ಹೊತ್ತು ಕಾಯುವುದಿಲ್ಲ. ಆದ್ದರಿಂದ ಇಲ್ಲಿ ಬೆಂಕಿ ಆರಿಸುವುದಕ್ಕಿಂತ ಬೆಂಕಿ ಹುಟ್ಟದಂತೆ ನೋಡಿಕೊಳ್ಳುವುದೇ ಮುಖ್ಯ. ಅದಕ್ಕೆ ಬೇಕಾದ ಸಾಧನಗಳೇನೂ ದುಬಾರಿಯಲ್ಲ: ಒಂದು ರಸಮಟ್ಟ, ಸರಿಯಾದ ದಪ್ಪದ ತಂತಿ, ಸರಿಯಾದ ಫ್ಯೂಸ್, ಮತ್ತು ಗಾಡಿ ನಿಲ್ಲಿಸಿದ ಮೇಲೆ ಒಮ್ಮೆ ಫ್ರಿಜ್‌ನ ಬೆನ್ನಿನತ್ತ ಹೋಗಿ ನೋಡುವ ಅಭ್ಯಾಸ.